ಹುಟ್ಟು ಹಿಡಿದ ಕೈಗಳು

ಹೋದ ತಿಂಗಳು ಒಂದು ಸಂಜೆ ನಮ್ಮ ಹಳೆಯ ಶಿಷ್ಯರೊಬ್ಬರು ಹೆಂಡತಿಯನ್ನೂ ಹದಿನೇಳು ವರ್ಷದ ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಕುಶಲಪ್ರಶ್ನೆಗಳು ಮುಗಿದುವು, ಕಾಫಿಯ ಲೋಟಗಳು ಒಳಕ್ಕೆ ಹೋದುವು, ಆದರೂ ಬಂದ ಕಾರ್ಯವೇನೆಂಬುದು ಹೊರಬೀಳಲೊಲ್ಲದು. ಕೊನೆಗೆ ಆ ತಾಯಿಯೇ ಬಾಯಿಬಿಟ್ಟರು: “ಮೇಷ್ಟ್ರೇ, ಇವನು ಸೈನ್ಯದ ವಿಮಾನ ನಡೆಸಬೇಕಂತೆ. ಖಡಕ್ವಾಸ್ಲಾದ ಅಕಾಡೆಮಿಯ ಪರೀಕ್ಷೆಗೆ ಅರ್ಜಿ ತುಂಬಿಟ್ಟಿದ್ದಾನೆ. ಇವರಪ್ಪನಿಗೆ ಬುದ್ಧಿ ಹೇಳಿದವರು ನೀವು. ಇವನಿಗೂ ನೀವೇ ಹೇಳಬೇಕು.” ಹುಡುಗನು ನೆಲವನ್ನು ನೋಡುತ್ತ ಕುಳಿತಿದ್ದನು.

ಹೋಗೆನ್ನಲು ನಮಗೆ ಅಧಿಕಾರವಿಲ್ಲ; ಬೇಡವೆನ್ನಲು ಮನಸ್ಸು ಬಾರದು. ಇಂತಹ ಇಕ್ಕಟ್ಟಿನಲ್ಲಿ ಉಪಾಧ್ಯಾಯನಾದವನು ಮಾಡಬಹುದಾದುದು ಒಂದೇ, ಒಂದು ಕಥೆಯನ್ನು ಹೇಳುವುದು. ಅಂದು ಹೇಳಿದುದನ್ನೇ ಈ ತಿಂಗಳು ವಾಚಕ ಮಹಾಶಯರ ಮುಂದೆಯೂ ಇಡುತ್ತೇವೆ. ಇದು ಕಟ್ಟುಕಥೆಯಲ್ಲ, ದೋಣಿಯ ಪಂದ್ಯಗಳಲ್ಲಿ ಗೆದ್ದು, ಅನಂತರ ಯುದ್ಧವಿಮಾನವನ್ನೇರಿದ ಒಬ್ಬ ತರುಣನ ಜೀವನ.

ಅವನ ಹೆಸರು ರಿಚರ್ಡ್ ಹಿಲರಿ. 1919ನೆಯ ಇಸವಿ ಏಪ್ರಿಲ್ 20ರಂದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಹುಟ್ಟಿದನು. ತಂದೆ ಸರ್ಕಾರಿ ಅಧಿಕಾರಿ. ಆತನ ಉದ್ಯೋಗದ ನಿಮಿತ್ತ ಕುಟುಂಬವು ಲಂಡನ್ನಿಗೆ ಬಂದಿತು. ಮುಂದೆ ತಂದೆಗೆ ಸೂಡಾನಿನಲ್ಲಿ ಕೆಲಸವಾಯಿತು. ಹುಡುಗನು ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ಬೆಳೆದನು. ಶ್ರೂಸ್‌ಬರಿ ಎಂಬ ಹೆಸರಾಂತ ಶಾಲೆಯಲ್ಲಿ ಓದಿ, 1937ರಲ್ಲಿ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜನ್ನು ಸೇರಿದನು. ರೂಪವಂತ, ಮಾತಿನಲ್ಲಿ ಚತುರ, ಸ್ವಲ್ಪ ಗರ್ವಿಷ್ಠ. ಪುಸ್ತಕಕ್ಕಿಂತ ಹೆಚ್ಚಾಗಿ ಅವನ ಮನಸ್ಸು ನದಿಯ ಮೇಲಿದ್ದಿತು.

ದೋಣಿಯ ಪಂದ್ಯವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಾವು ಹೊಳೆಯ ಕಡವಿನಲ್ಲಿ ಕಾಣುವ ಅಂಬಿಗನ ದೋಣಿಯಲ್ಲ ಅದು. ಎಂಟು ಮಂದಿ ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವಷ್ಟು ಉದ್ದ, ಒಬ್ಬನು ಕುಳಿತರೆ ತುಂಬಿಹೋಗುವಷ್ಟು ಕಿರಿದು. ಒಬ್ಬೊಬ್ಬನ ಕೈಯಲ್ಲಿ ಒಂದೊಂದೇ ಹುಟ್ಟು. ಅವರೆಲ್ಲರೂ ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಮುಂದಿನ ದಾರಿಯನ್ನು ನೋಡುವವನು ಚುಕ್ಕಾಣಿ ಹಿಡಿದವನೊಬ್ಬನೇ. ಉಳಿದವರಿಗೆ ಕಾಣುವುದು ತಮ್ಮೆದುರಿನವನ ಬೆನ್ನು, ಮತ್ತು ತಾವು ಬಿಟ್ಟುಬಂದ ನೀರು. ಎಂಟು ಹುಟ್ಟುಗಳು ಒಂದೇ ಕ್ಷಣದಲ್ಲಿ ನೀರಿಗಿಳಿದು ಒಂದೇ ಕ್ಷಣದಲ್ಲಿ ಮೇಲೇಳಬೇಕು. ಒಬ್ಬನು ಎಷ್ಟೇ ಬಲಶಾಲಿಯಾಗಿರಲಿ, ಉಳಿದವರಿಗಿಂತ ಮುಂಚೆ ಎಳೆದನೋ, ದೋಣಿ ಓಲಾಡಿ ವೇಗ ಕೆಡುವುದು.

ಆಕ್ಸ್‌ಫರ್ಡಿನ ಬಳಿ ನದಿಯು ಕಿರಿದಾಗಿರುವುದರಿಂದ ದೋಣಿಗಳು ಪಕ್ಕಪಕ್ಕದಲ್ಲಿ ಓಡಲಾರವು. ಒಂದರ ಹಿಂದೊಂದು ಹೊರಟು, ಹಿಂದಿನದು ಮುಂದಿನದನ್ನು ಮುಟ್ಟಲು ಅಟ್ಟಿಕೊಂಡು ಹೋಗುವುದು. ಮುಟ್ಟಿದರೆ ಮರುದಿನ ಅದರ ಸ್ಥಾನ ಇದಕ್ಕೆ. 1938ರಲ್ಲಿ ಟ್ರಿನಿಟಿಯ ಎಂಟು ಮಂದಿಯ ದೋಣಿಯು ಎಲ್ಲಕ್ಕಿಂತ ಮೊದಲಿನ ಸ್ಥಾನವನ್ನು ಪಡೆಯಿತು. ಹಿಲರಿಯು ಅದರಲ್ಲಿದ್ದನು.

ಅದೇ ಬೇಸಿಗೆಯಲ್ಲಿ ಅವನೂ ಅವನ ಗೆಳೆಯರೂ ಜರ್ಮನಿಗೆ ಹೋದರು. ಲಾನ್ ನದಿಯ ದಡದಲ್ಲಿರುವ ಬಾಡ್ ಎಮ್ಸ್ ಎಂಬ ಊರಿನಲ್ಲಿ ನಾಲ್ವರ ದೋಣಿಯ ಪಂದ್ಯ. ಬಹುಮಾನಕ್ಕೆ ಇಟ್ಟಿದ್ದುದು ಜನರಲ್ ಗೋರಿಂಗನ ಹೆಸರು. ಜರ್ಮನಿಯ ವಾಯುಸೇನೆಯ ಅಧಿಪತಿಯಾಗಿದ್ದವನು ಅವನೇ. ಎದುರಾಳಿಗಳು ತಿಂಗಳುಗಟ್ಟಲೆ ಕಟ್ಟುನಿಟ್ಟಾಗಿ ಅಭ್ಯಾಸ ಮಾಡಿದ ದೃಢಕಾಯರು. ಇವರೋ ಅಭ್ಯಾಸವೂ ಇಲ್ಲದೆ, ಶಿಸ್ತೂ ಇಲ್ಲದೆ ವಿಹಾರಕ್ಕೆ ಬಂದವರಂತೆ ಬಂದಿದ್ದರು. ನಿಮ್ಮದು ಇಳಿಗಾಲಕ್ಕೆ ಬಂದ ಜನಾಂಗವೆಂದು ಒಬ್ಬ ಜರ್ಮನನು ಇವರನ್ನು ಮುಖದ ಮೇಲೆಯೇ ಹಂಗಿಸಿದನಂತೆ. ಪಂದ್ಯದ ಅರ್ಧ ದಾರಿಯಲ್ಲಿ ಇವರ ದೋಣಿ ಬಹಳ ಹಿಂದೆ ಬಿದ್ದಿತು. ಆಗ ಸೇತುವೆಯೊಂದರ ಮೇಲಿನಿಂದ ಯಾರೋ ಇವರ ಮೇಲೆ ಉಗುಳಿದರು. ಅದುವರೆಗೆ ಆಟವಾಗಿದ್ದುದು ಆ ಕ್ಷಣದಿಂದ ಮಾನದ ಪ್ರಶ್ನೆಯಾಯಿತು. ನಾಲ್ವರೂ ಏಕಪ್ರಾಣರಾಗಿ ಎಳೆದರು. ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದು, ಗೋರಿಂಗನ ಬಹುಮಾನವನ್ನು ಇಂಗ್ಲೆಂಡಿಗೆ ಹೊತ್ತು ತಂದರು. ಸುಮಾರು ಎರಡು ವರ್ಷಗಳ ಮೇಲೆ ಆ ಗೋರಿಂಗನ ವಿಮಾನಗಳನ್ನೇ ತಾನು ಆಕಾಶದಲ್ಲಿ ಎದುರಿಸಬೇಕಾದೀತೆಂದು ಹಿಲರಿಯು ಅಂದು ಎಣಿಸಿರಲಾರನು.

1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧವು ಆರಂಭವಾಯಿತು. ವಿಶ್ವವಿದ್ಯಾನಿಲಯದ ವೈಮಾನಿಕ ದಳದಲ್ಲಿ ಮೊದಲೇ ವಿಮಾನ ನಡೆಸಲು ಕಲಿತಿದ್ದ ಹಿಲರಿಯು ವಾಯುಸೇನೆಗೆ ಬಂದನು. ದೇಶಕ್ಕಾಗಿ, ಧರ್ಮಕ್ಕಾಗಿ ಎಂಬ ಮಾತುಗಳನ್ನು ಕೇಳಿದರೆ ಅವನಿಗೆ ನಗು. ತಾನು ಯುದ್ಧಕ್ಕೆ ಹೋಗುವುದು ತನಗಾಗಿ ಮಾತ್ರವೆಂದೂ, ತನ್ನ ಸತ್ತ್ವವೆಷ್ಟೆಂಬುದನ್ನು ತಾನೇ ಕಂಡುಕೊಳ್ಳುವುದಕ್ಕಾಗಿ ಎಂದೂ ಅವನು ಗೆಳೆಯರೊಡನೆ ವಾದಿಸುತ್ತಿದ್ದನು. ಯುದ್ಧವಿಮಾನದಲ್ಲಿ ಒಬ್ಬನಿಗೆ ಒಬ್ಬನು ಎದುರು, ಹಿಂದಿನ ಕಾಲದ ದ್ವಂದ್ವಯುದ್ಧದಂತೆ. ಆದುದರಿಂದಲೇ ಅದು ಅವನಿಗೆ ಪ್ರಿಯ.

ಅವನಿಗೆ ದೊರೆತ ವಿಮಾನ ಸ್ಪಿಟ್‌ಫೈರ್. ಅದರಲ್ಲಿ ಆಸನ ಒಂದೇ. ಎರಡು ರೆಕ್ಕೆಗಳಲ್ಲಿ ಒಟ್ಟು ಎಂಟು ಮೆಷಿನ್‌ಗನ್ನುಗಳು. ಅವುಗಳ ಗುಂಡೆಲ್ಲ ಸುಮಾರು ಹದಿನೈದು ಸೆಕೆಂಡುಗಳಲ್ಲಿ ಮುಗಿದುಹೋಗುವುದು. ಪೆಟ್ರೋಲಿನ ತೊಟ್ಟಿಯು ಚಾಲಕನ ಮುಂಗಡೆಯಲ್ಲಿಯೇ. ದೋಣಿಯಲ್ಲಿ ಎಂಟು ಮಂದಿಗೆ ಒಂದೇ ಉಸಿರು, ಮುಂದಿನ ದಾರಿ ಕಾಣದು; ಇಲ್ಲಿ ಎಲ್ಲವೂ ಎದುರಿಗೇ ಕಾಣುವುದು, ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ. ಇನ್ನೊಬ್ಬರ ಹಂಗಿಲ್ಲದ ಇಂತಹ ಸ್ಥಾನವೇ ತನಗೆ ತಕ್ಕುದೆಂದು ಆ ತರುಣನು ತಿಳಿದನು.

1940ರ ಆಗಸ್ಟ್ 27ರಂದು ಅವನಿದ್ದ 603ನೆಯ ದಳವು ಸ್ಕಾಟ್ಲೆಂಡಿನಿಂದ ಲಂಡನ್ನಿನ ಬಳಿಯ ಹಾರ್ನ್‌ಚರ್ಚ್ ನಿಲ್ದಾಣಕ್ಕೆ ಬಂದಿತು. ಬ್ರಿಟನ್ನಿನ ಆಕಾಶಯುದ್ಧವು ಆಗ ಉಗ್ರಾವಸ್ಥೆಯಲ್ಲಿದ್ದಿತು. ಒಂದು ವಾರದಲ್ಲಿ ಹಿಲರಿಯು ಐದು ಶತ್ರುವಿಮಾನಗಳನ್ನು ಕೆಡವಿದನೆಂದು ಲೆಕ್ಕ.

ಸೆಪ್ಟೆಂಬರ್ 3ರ ಬೆಳಗ್ಗೆ ಅವನ ವಿಮಾನಕ್ಕೆ ಹೊಸದಾಗಿ ಕೂರಿಸಿದ್ದ ಗಾಜಿನ ಮುಚ್ಚಳವು ಸರಾಗವಾಗಿ ಜಾರುತ್ತಿರಲಿಲ್ಲ. ಕೆಲಸಗಾರರು ಅರದಿಂದ ಉಜ್ಜಿದರು, ಎಣ್ಣೆ ಬಿಟ್ಟರು; ಅರ್ಧದಷ್ಟು ಮಾತ್ರ ತೆರೆಯಿತು. ಅಷ್ಟರಲ್ಲಿ ಹೊರಡಲು ಅಪ್ಪಣೆಯಾಯಿತು. ಕೈಗೆ ಗವುಸಿಲ್ಲ, ಕಣ್ಣಿಗೆ ಕನ್ನಡಕವನ್ನು ಎಳೆದುಕೊಂಡಿರಲಿಲ್ಲ, ಹಾಗೆಯೇ ಮೇಲೇರಿದನು. ಸಮುದ್ರದ ಮೇಲೆ ಒಂದು ಜರ್ಮನ್ ವಿಮಾನವನ್ನು ಹೊಡೆದನು. ಹೊಡೆದೊಡನೆ ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳಬೇಕೆಂಬುದು ಕಲಿತ ಪಾಠ. ಪೂರ್ತಿಯಾಗಿ ಕೆಡವಿಯೇ ಬಿಡುವೆನೆಂಬ ಹಟದಿಂದ ಅವನು ಮತ್ತೆ ಕೆಲವು ಕ್ಷಣ ಗುಂಡು ಹಾರಿಸಿದನು. ಆ ಕ್ಷಣಗಳಲ್ಲಿಯೇ ಹಿಂದಿನಿಂದ ಮತ್ತೊಂದು ವಿಮಾನವು ಅವನನ್ನು ಹೊಡೆಯಿತು. ಮುಂದಿದ್ದ ಪೆಟ್ರೋಲು ಉರಿದೆದ್ದಿತು; ಮುಚ್ಚಳವು ತೆರೆಯಲೊಲ್ಲದು. ಬರಿಯ ಕೈಗಳಿಂದ ಅದನ್ನು ತಳ್ಳುತ್ತಿದ್ದಂತೆಯೇ ಪ್ರಜ್ಞೆ ತಪ್ಪಿತು. ಹೇಗೋ ಹೊರಕ್ಕೆ ಬಿದ್ದು, ಗಾಳಿಯಲ್ಲಿ ಎಚ್ಚತ್ತು, ಪ್ಯಾರಾಚೂಟನ್ನು ಬಿಚ್ಚಿ ಸಮುದ್ರಕ್ಕಿಳಿದನು. ವಯಸ್ಸು ಇಪ್ಪತ್ತೊಂದು. ಮುಖವೂ ಕೈಗಳೂ ಸುಟ್ಟುಹೋಗಿದ್ದುವು.

ಬಹುಹೊತ್ತು ನೀರಿನಲ್ಲಿದ್ದನು. ನೋವಿನಲ್ಲಿ ಬದುಕು ಸಾಕೆನಿಸಿ ಮುಳುಗಿಬಿಡಲು ನೋಡಿದನಂತೆ. ಪ್ಯಾರಾಚೂಟಿನ ರೇಷ್ಮೆಯು ಅವನನ್ನು ಮುಳುಗಗೊಡಲಿಲ್ಲ. ಕೊನೆಗೆ ಮಾರ್ಗೇಟ್ ಎಂಬ ಊರಿನ ರಕ್ಷಣಾ ದೋಣಿಯು ಬಂದು ಅವನನ್ನು ಎತ್ತಿಕೊಂಡಿತು. ಅಂತಹ ದೋಣಿಗಳಲ್ಲಿ ಹೋಗುವವರು ದಡದ ಊರಿನ ಸಾಮಾನ್ಯ ಜನ. ಸ್ವಂತ ಇಚ್ಛೆಯಿಂದ ಕಡಲಿಗಿಳಿಯುವವರು. ಯಾರ ಹಂಗೂ ಬೇಡವೆಂದು ಆಕಾಶಕ್ಕೆ ಹೋದವನನ್ನು ಮತ್ತೆ ದೋಣಿಯವರೇ ಬದುಕಿಸಿದರು.

ಮುಂದಿನದು ದೀರ್ಘವಾದ ಆಸ್ಪತ್ರೆವಾಸ. ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಪಟ್ಟಣದಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ಎಂಬ ನ್ಯೂಜಿಲೆಂಡಿನ ಶಸ್ತ್ರವೈದ್ಯನು ಸುಟ್ಟ ವೈಮಾನಿಕರಿಗೆ ಹೊಸ ಮುಖ ಕಟ್ಟಿಕೊಡುತ್ತಿದ್ದನು. ಸುಟ್ಟ ಗಾಯಕ್ಕೆ ಟ್ಯಾನಿಕ್ ಆಮ್ಲವನ್ನು ಬಳಿದು ಗಟ್ಟಿಯಾಗಿಸುವುದು ಅದುವರೆಗಿನ ರೂಢಿ. ಕಡಲಿಗೆ ಬಿದ್ದವರ ಗಾಯಗಳು ಚೆನ್ನಾಗಿ ಮಾಯುವುದನ್ನು ಕಂಡ ಮ್ಯಾಕಿಂಡೋ, ಆ ರೂಢಿಯನ್ನು ಬಿಟ್ಟು ಉಪ್ಪುನೀರಿನ ಸ್ನಾನವನ್ನು ಬಳಕೆಗೆ ತಂದನು. ಹಿಲರಿಗೆ ಕಣ್ಣು ಮುಚ್ಚಲು ರೆಪ್ಪೆಗಳೇ ಇರಲಿಲ್ಲ. ತೋಳಿನ ಒಳಭಾಗದ ಎಳೆಯ ಚರ್ಮವನ್ನು ತೆಗೆದು ರೆಪ್ಪೆಗಳನ್ನು ಮಾಡಿದರು.

ಈ ವಿದ್ಯೆಯ ಬೇರು ನಮ್ಮ ನಾಡಿನಲ್ಲಿಯೂ ಇದೆ. ತುಂಡಾದ ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿ, ಅಷ್ಟೇ ಅಗಲದ ಚರ್ಮವನ್ನು ಕೆನ್ನೆಯಿಂದೆತ್ತಿ ಕೂಡಿಸುವ ಕ್ರಮವನ್ನು ಸುಶ್ರುತ ಸಂಹಿತೆಯು ಹೇಳುತ್ತದೆ. ನಮ್ಮ ಮೈಸೂರಿನ ಚರಿತ್ರೆಗೂ ಇದಕ್ಕೂ ಒಂದು ಸಂಬಂಧವುಂಟು. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಕವಾಸ್ಜಿ ಎಂಬ ಗಾಡಿ ಹೊಡೆಯುವವನು ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಕಡೆಯ ದೇಶೀಯ ಚಿಕಿತ್ಸಕನೊಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದನು. ಅದನ್ನು ಕಣ್ಣಾರೆ ಕಂಡವರ ವರದಿಯು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯನು ಆ ಕ್ರಮದಿಂದ ಅಲ್ಲಿಯೂ ಮೂಗನ್ನು ಕಟ್ಟಿದನು. ಒಂದು ಯುದ್ಧದಲ್ಲಿ ಕೆಟ್ಟ ಮುಖವನ್ನು ಸರಿಪಡಿಸಿದ ವಿದ್ಯೆಯು ಮತ್ತೊಂದು ಯುದ್ಧದಲ್ಲಿ ಕೆಟ್ಟ ಮುಖಗಳ ನೆರವಿಗೆ ಬಂದಿತು.

ರೂಪವಂತನಾಗಿದ್ದ ಮಗನ ಮುಖವು ಹೀಗಾದಾಗ ತಾಯಿಯಾದವಳು ಏನೆಂದಾಳು? ಹೀಗಾದುದಕ್ಕೆ ನೀನು ಸಂತೋಷಪಡಬೇಕು, ನಿನ್ನ ಚೆಲುವನ್ನು ಹೊಗಳಿದವರು ಅತಿಯಾಗಿದ್ದರು, ಇನ್ನು ನಿಜವಾದ ಗೆಳೆಯರಾರೆಂಬುದು ನಿನಗೆ ತಿಳಿಯುವುದು ಎಂಬರ್ಥದ ಮಾತನ್ನು ಆಕೆ ಹೇಳಿದಳೆಂದು ಹಿಲರಿಯೇ ಬರೆದಿದ್ದಾನೆ. ಹೊರಗೆ ಅಷ್ಟು ಧೈರ್ಯವಾಗಿ ನುಡಿದ ಆ ತಾಯಿಯ ಒಳಗನ್ನು ನಮ್ಮ ಗೃಹಿಣಿಯರು ಊಹಿಸಬಲ್ಲರು. ಆ ಪಟ್ಟಣದ ಜನರೂ ದೊಡ್ಡವರು. ಬೀದಿಯಲ್ಲಿ ಓಡಾಡುವ ಸುಟ್ಟ ಮುಖಗಳನ್ನು ಅವರು ನಿಂತು ನೋಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ಮನೆಗೆ ಕರೆದರು, ಪಕ್ಕದಲ್ಲಿ ಕೂರಿಸಿಕೊಂಡರು. ರೋಗಿಗಳು 1941ರಲ್ಲಿ ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡು, ವೈದ್ಯರು ಪ್ರಯೋಗಕ್ಕೆ ಬಳಸುವ ಸಣ್ಣ ಪ್ರಾಣಿಯ ಹೆಸರಿನಿಂದ ಅದನ್ನು ಗಿನಿ ಪಿಗ್ ಕ್ಲಬ್ ಎಂದು ಕರೆದರು. ಯುದ್ಧವು ಮುಗಿಯುವ ವೇಳೆಗೆ ಅದರಲ್ಲಿ 649 ಸದಸ್ಯರಿದ್ದರು.

ಆದರೂ ಹಿಲರಿಯ ಗರ್ವವು ಸುಲಭವಾಗಿ ಕರಗಲಿಲ್ಲ. ಅದನ್ನು ಕರಗಿಸಿದುದು ಎರಡು ಸಂಗತಿಗಳು. ಮೊದಲನೆಯದು ಪೀಟರ್ ಪೀಸ್ ಎಂಬ ಗೆಳೆಯನ ಮರಣ. ಧರ್ಮದಲ್ಲಿ ಶ್ರದ್ಧೆಯುಳ್ಳ, ಪರಹಿತಕ್ಕಾಗಿ ಯುದ್ಧಮಾಡಬೇಕೆಂದು ನಂಬಿದ್ದ ಆ ಸಾಧುತರುಣನೊಡನೆ ಹಿಲರಿಯು ಗಂಟೆಗಟ್ಟಲೆ ವಾದಿಸಿದ್ದನು. 1940ರ ಸೆಪ್ಟೆಂಬರ್ 15ರಂದು ಪೀಸನು ಆಕಾಶಯುದ್ಧದಲ್ಲಿ ಮಡಿದನು. ಎರಡನೆಯದನ್ನು ಹಿಲರಿಯು ತನ್ನ ಪುಸ್ತಕದ ಕೊನೆಯಲ್ಲಿ ಹೇಳುತ್ತಾನೆ. ಲಂಡನ್ನಿನ ಮೇಲೆ ಬಾಂಬು ಬಿದ್ದ ಒಂದು ರಾತ್ರಿ, ಕುಸಿದ ಮನೆಯೊಂದರ ಅಡಿಯಿಂದ ಹೆಂಗಸೊಬ್ಬಳನ್ನು ಎತ್ತಲು ಅವನು ಕೈಗೂಡಿಸಿದನು. ಅವಳ ಮಗು ಸತ್ತಿತ್ತು, ಅವಳೂ ಸಾಯುತ್ತಿದ್ದಳು. ಅವಳು ಅವನ ಸುಟ್ಟ ಮುಖವನ್ನು ನೋಡಿ, ಇವನೂ ತನ್ನಂತೆಯೇ ಪೆಟ್ಟು ತಿಂದವನೆಂದು ಮರುಕಪಟ್ಟಳಂತೆ. ಸಾಯುವವಳು ಬದುಕಿರುವವನಿಗಾಗಿ ಮರುಗಿದಳು. ಯಾರೊಡನೆಯೂ ಸೇರದೆ ತನ್ನಷ್ಟಕ್ಕೆ ತಾನಿರುವೆನೆಂದವನಿಗೆ, ತಾನೂ ಎಲ್ಲರೂ ಇರುವುದು ಒಂದೇ ದೋಣಿಯಲ್ಲಿ ಎಂಬುದು ಅಂದು ತಿಳಿಯಿತು. ಸತ್ತವರ ಪರವಾಗಿ ತಾನು ಬರೆಯಬೇಕೆಂದು ನಿಶ್ಚಯಿಸಿದನು.

1941ರಲ್ಲಿ ಅವನನ್ನು ಅಮೆರಿಕಕ್ಕೆ ಭಾಷಣಕ್ಕಾಗಿ ಕಳುಹಿಸಿದರು. ಆ ಮುಖವನ್ನು ಕಂಡರೆ ಅಲ್ಲಿಯ ತಾಯಂದಿರು ಎದೆಗುಂದುವರೆಂದು ಅಧಿಕಾರಿಗಳು ಹೆದರಿ ಸಭೆಗಳಿಗೆ ಬಿಡಲಿಲ್ಲ. ರೇಡಿಯೋದಲ್ಲಿ ಮಾತ್ರ ಮಾತನಾಡಿದನು. ಆ ಕಾಲದಲ್ಲಿಯೇ ಪುಸ್ತಕವನ್ನು ಬರೆದನು. 1942ರಲ್ಲಿ ಅದು ಇಂಗ್ಲೆಂಡಿನಲ್ಲಿ ‘ದಿ ಲಾಸ್ಟ್ ಎನಿಮಿ’ ಎಂಬ ಹೆಸರಿನಿಂದ ಹೊರಬಂದಿತು. ಕಟ್ಟಕಡೆಯ ಶತ್ರುವೆಂದರೆ ಮೃತ್ಯು. ಹೆಸರು ಬೈಬಲ್ಲಿನಿಂದ ಬಂದುದು.

ಇದನ್ನು ಓದಿದಾಗಲೆಲ್ಲ ನಮಗೆ ಕಿಷ್ಕಿಂಧಾಕಾಂಡದ ಸಂಪಾತಿಯ ನೆನಪಾಗುತ್ತದೆ. ತಮ್ಮನಾದ ಜಟಾಯುವಿನೊಡನೆ ಪಂತವಾಗಿ ಸೂರ್ಯನತ್ತ ಹಾರಿ, ಬೇಯುತ್ತಿದ್ದ ತಮ್ಮನನ್ನು ತನ್ನ ರೆಕ್ಕೆಗಳಿಂದ ಮರೆಮಾಡಿ, ರೆಕ್ಕೆ ಸುಟ್ಟು ವಿಂಧ್ಯದ ಮೇಲೆ ಬಿದ್ದವನು ಸಂಪಾತಿ. ಬದುಕು ಬೇಡವೆಂದಿದ್ದ ಅವನಿಗೆ, ಕಾದಿರು, ಸೀತೆಯನ್ನು ಹುಡುಕಿಕೊಂಡು ಬರುವ ಕಪಿಗಳಿಗೆ ದಾರಿ ಹೇಳು, ರೆಕ್ಕೆಗಳು ಮೂಡುವುವು ಎಂದು ನಿಶಾಕರ ಮುನಿಯು ಹೇಳಿದ್ದನು. ಕಂಡುದನ್ನು ಪರರ ಹಿತಕ್ಕಾಗಿ ನುಡಿಯುತ್ತಿದ್ದಂತೆಯೇ ಸಂಪಾತಿಗೆ ರೆಕ್ಕೆಗಳು ಚಿಗುರಿದುವು. ಹಿಲರಿಗೂ ಆ ಪುಸ್ತಕವೇ ಮೂಡಿದ ರೆಕ್ಕೆ ಎಂದು ಹೇಳಿ ಕಥೆಯನ್ನು ಮುಗಿಸಬಹುದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಿತು!

ಅವನಿಗೆ ಮನಸ್ಸು ನಿಲ್ಲಲಿಲ್ಲ. ಗೆಳೆಯರೆಲ್ಲ ಮಡಿದಿರಲು ತಾನೊಬ್ಬನು ಲೇಖಕನೆಂಬ ಕೀರ್ತಿಯನ್ನು ಅನುಭವಿಸುತ್ತ ಕುಳಿತಿರಲಾರದೆ, ಮತ್ತೆ ಹಾರಲು ಅಪ್ಪಣೆಯನ್ನು ಬೇಡಿ ಬೇಡಿ ಪಡೆದನು. 1942ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಚಾರ್ಟರ್‌ಹಾಲ್ ನಿಲ್ದಾಣಕ್ಕೆ ರಾತ್ರಿಯ ಯುದ್ಧವನ್ನು ಕಲಿಯಲು ಹೋದನು. ಊಟದ ಮೇಜಿನಲ್ಲಿ ಚಾಕುವನ್ನೂ ಮುಳ್ಳುಚಮಚವನ್ನೂ ಹಿಡಿಯುವುದೇ ಆ ಬೆರಳುಗಳಿಗೆ ಪ್ರಯಾಸವಾಗಿದ್ದಿತು. ನಡೆಸಬೇಕಾದುದು ಎರಡು ಎಂಜಿನುಗಳ ಬ್ಲೆನ್‌ಹೈಮ್ ವಿಮಾನ. 1943ರ ಜನವರಿ 8ರಂದು ಕತ್ತಲೆಯಲ್ಲಿ ಅಭ್ಯಾಸ ಮಾಡುತ್ತಿರುವಾಗ ಅವನ ವಿಮಾನವು ನೆಲಕ್ಕೆ ಬಿದ್ದಿತು. ಅವನಿಗೆ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಚಿತಾಭಸ್ಮವನ್ನು ವಿಮಾನದಿಂದ ಇಂಗ್ಲಿಷ್ ಕಾಲುವೆಯ ನೀರಿನ ಮೇಲೆ ಚೆಲ್ಲಿದರು.

ಆ ವಿಮಾನದಲ್ಲಿ ಆಸನ ಒಂದೇ ಅಲ್ಲ. ಅವನೊಡನೆ ಸಾರ್ಜೆಂಟ್ ವಿಲ್ಫ್ರೆಡ್ ಫೈಸನ್ ಎಂಬ ರೇಡಿಯೋ ಸಹಾಯಕನಿದ್ದನು. ಅವನೂ ಸತ್ತನು.

ಹಿಲರಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಫೈಸನ್ನನ ಹೆಸರನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನಮಗೆ ಹಾಗೆ ಮುಗಿಸಲು ಮನಸ್ಸು ಬಾರದು. ಹಿಲರಿಯ ಧೈರ್ಯವು ದೊಡ್ಡದು. ಅದನ್ನು ಅಲ್ಲಗಳೆಯಲು ಮನೆಯಲ್ಲಿ ಕುಳಿತ ನಾವು ಯಾರು? ಅವನನ್ನು ಹಾರಲು ಬಿಟ್ಟವರೂ ಆ ಹೊಣೆಗೆ ಪಾಲುದಾರರೇ. ಆದರೆ ತನ್ನ ಪ್ರಾಣವನ್ನು ಪಣವಾಗಿಡುವುದು ಬೇರೆ, ತನ್ನನ್ನು ನಂಬಿ ಹಿಂದೆ ಕುಳಿತವನ ಪ್ರಾಣವನ್ನು ಪಣವಾಗಿಡುವುದು ಬೇರೆ. ಮೊದಲನೆಯದಕ್ಕೆ ಎದೆಗಾರಿಕೆ ಸಾಕು. ಎರಡನೆಯದಕ್ಕೆ ತನ್ನ ಕೈಯಲ್ಲಿ ಎಷ್ಟು ಬಲವಿದೆಯೆಂಬ ಲೆಕ್ಕವೂ ಬೇಕು, ಇಲ್ಲವೆಂದಾದರೆ ಇಲ್ಲವೆಂದು ಒಪ್ಪಿಕೊಳ್ಳುವ ವಿನಯವೂ ಬೇಕು. ಎಂಟು ಮಂದಿಯ ದೋಣಿಯಲ್ಲಿ ಹುಟ್ಟು ಹಿಡಿದವನಿಗೆ ಮೊದಲ ದಿನವೇ ಕಲಿಸುವ ಪಾಠ ಇದು. ಹಿಲರಿಯು ಅದನ್ನು ಆಟದಲ್ಲಿ ಕಲಿತನು, ಆಕಾಶದಲ್ಲಿ ಮರೆತನು, ಬೆಂಕಿಯಲ್ಲಿ ಬೆಂದು ಮತ್ತೆ ಕಲಿತನು. ಕೊನೆಯ ರಾತ್ರಿಯಲ್ಲಿ ಅವನ ಮನಸ್ಸಿಗೆ ತಿಳಿದಿದ್ದುದನ್ನು ಅವನ ಕೈಗಳು ನಡೆಸಿಕೊಡಲಾರದೆ ಹೋದುವು ಎಂದು ನಮಗೆ ತೋರುವುದು.

ಇಷ್ಟನ್ನು ಹೇಳಿ ನಾವು ಸುಮ್ಮನಾದೆವು. ಹುಡುಗನು ಮೊದಲ ಸಲ ತಲೆಯೆತ್ತಿದನು. ಸ್ಪಿಟ್‌ಫೈರಿನ ವೇಗವೆಷ್ಟೆಂದು ಕೇಳಿಯಾನೆಂದು ನಾವು ಎಣಿಸಿದ್ದೆವು. ಅವನು ಕೇಳಿದುದು ಬೇರೆ: “ತಾತಾ, ಆ ಫೈಸನ್ ಅವರ ಮನೆಯಲ್ಲಿ ಯಾರಿದ್ದರು?”

“ಆ ಪ್ರಶ್ನೆ ನಿನ್ನ ಬಾಯಲ್ಲಿ ಬಂದಿತಲ್ಲ, ಮಗು, ಅಷ್ಟು ಸಾಕು” ಎಂದೆವು. ಅನಂತರ ತಾಯಿಯ ಕಡೆಗೆ ತಿರುಗಿ, “ತಾಯಿ, ಹುಟ್ಟು ಹಾಕುವವರು ಹೋಗುವ ಕಡೆಗೆ ಬೆನ್ನು ಮಾಡಿ ಕೂರುತ್ತಾರೆಂದು ಹೇಳಿದೆವಲ್ಲ. ಅವರಿಗೆ ಎಲ್ಲಿಯವರೆಗೂ ಕಾಣುತ್ತಿರುವುದು ಬಿಟ್ಟುಬಂದ ದಡವೇ” ಎಂದೆವು.

ಆಕೆ ಉತ್ತರವನ್ನು ಕೊಡಲಿಲ್ಲ. ನಮ್ಮ ಮನೆಯವರು ಕೊಟ್ಟ ಕುಂಕುಮವನ್ನಿಟ್ಟುಕೊಂಡು ಎದ್ದರು. ಬಾಗಿಲ ಬಳಿ ಚಪ್ಪಲಿಯನ್ನು ಮೆಟ್ಟಿಕೊಳ್ಳುತ್ತ, ಮಗನ ಮುಖವನ್ನು ನೋಡದೆಯೇ ಕೇಳಿದರು: “ಆ ಅರ್ಜಿ ಕಳಿಸೋದಕ್ಕೆ ಕೊನೇ ತಾರೀಖು ಯಾವತ್ತೋ?”